ಉಸ್ತಾದರ ಉಸ್ತಾದ್: ಡಾ. ಜಾಕಿರ್ ಹುಸೇನ್

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಡಾ. ಜಾಕಿರ್ ಹುಸೇನ್ ಅವರಿಗೆ ಸಿಗುವುದು ಎರಡು ಸಾಲು ಮಾತ್ರ. ಭಾರತದ ಮೂರನೆಯ ರಾಷ್ಟ್ರಪತಿ, ಆ ಸ್ಥಾನಕ್ಕೇರಿದ ಮೊದಲ ಮುಸ್ಲಿಂ. ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ. ಕ್ವಿಝ್‌ಗೆ ತಯಾರಾಗುವ ನಮ್ಮ ವಿದ್ಯಾರ್ಥಿಗಳಿಗೆ ಇದು ಬಾಯಿಪಾಠ. ಆದರೆ ಅವರು ರಾಷ್ಟ್ರಪತಿಯಾಗಿದ್ದದ್ದು ಎರಡು ವರ್ಷಕ್ಕೂ ಕಡಿಮೆ. ಅದಕ್ಕೆ ಬಹಳ ಮೊದಲು, 1926ರಿಂದ 1948ರವರೆಗೆ, 22 ವರ್ಷ ಅವರು ತಿಂಗಳ ಸಂಬಳ ಕೊಡಲೂ ಒದ್ದಾಡುತ್ತಿದ್ದ ಒಂದು ವಿದ್ಯಾಸಂಸ್ಥೆಯನ್ನು ನಡೆಸಿದರು. ಆ 22 ವರ್ಷಗಳ ಬಗ್ಗೆ ಎರಡು ಸಾಲೂ ನಮ್ಮ ಪುಸ್ತಕಗಳಲ್ಲಿಲ್ಲ. ನಮ್ಮ ಸಂಚಿಕೆಗೆ ಒಬ್ಬ ಮಹನೀಯರ ಬದುಕಿನ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಬಳಗದ ಮಕ್ಕಳು ಕೇಳಿದಾಗ ನನಗೆ ನೆನಪಾದದ್ದು ಆ ವರ್ಷಗಳೇ.

ಅವರು ಹುಟ್ಟಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಮನೆತನದ ಊರು ಉತ್ತರ ಪ್ರದೇಶದ ಕಾಯಮ್‌ಗಂಜ್. ತಂದೆ ಫಿದಾ ಹುಸೇನ್ ಖಾನ್ ವಕೀಲರು. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. 1911ರಲ್ಲಿ ಪ್ಲೇಗ್ ತಾಯಿಯನ್ನೂ ಕರೆದೊಯ್ಯಿತು. ಆಗ ಜಾಕಿರ್ ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನ ಹಾಸ್ಟೆಲಿನಲ್ಲಿದ್ದ ವಿದ್ಯಾರ್ಥಿ. ತಂದೆತಾಯಿ ಇಬ್ಬರೂ ಇಲ್ಲದ ಈ ಹುಡುಗನನ್ನು ಬೆಳೆಸಿದವರಲ್ಲಿ ಶಾಲೆಯ ಮುಖ್ಯೋಪಾಧ್ಯಾಯ ಸೈಯದ್ ಅಲ್ತಾಫ್ ಹುಸೇನ್ ಒಬ್ಬರು. ಇನ್ನೊಬ್ಬರು ಹಸನ್ ಶಾಹ್ ಎಂಬ ಸೂಫಿ. ಹಸನ್ ಶಾಹ್ ಅವರಿಗೆ ಪುಸ್ತಕಗಳ ಹುಚ್ಚು. ಕೊಳ್ಳಲಾಗದ ಪುಸ್ತಕಗಳನ್ನು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದರು, ಹುಡುಗ ಜಾಕಿರ್‌ನಿಂದಲೂ ಮಾಡಿಸುತ್ತಿದ್ದರು. ಇಂದು ಮೊಬೈಲಿನಲ್ಲಿ ನೋಟ್ಸಿನ ಫೋಟೋ ಹೊಡೆದುಕೊಳ್ಳುವ ನಮಗೆ ಇದು ಶಿಕ್ಷೆಯ ಹಾಗೆ ಕಾಣಬಹುದು. ಆದರೆ ಒಂದು ಪುಸ್ತಕವನ್ನು ಅಕ್ಷರ ಅಕ್ಷರವಾಗಿ ಬರೆದವನಿಗೆ ಆ ಪುಸ್ತಕದ ಜೊತೆ ಹುಟ್ಟುವ ನಂಟೇ ಬೇರೆ. ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಒಂದು ಕೆಲಸವನ್ನು ತಾವೂ ಮಾಡುತ್ತಾ ನಮ್ಮಿಂದಲೂ ಮಾಡಿಸುವುದು ಎಂದರೆ ಏನೆಂದು ಜಾಕಿರ್ ಕಲಿತದ್ದು ಬಹುಶಃ ಅಲ್ಲಿಯೇ.

1920ರಲ್ಲಿ ಅವರು ಅಲೀಗಢದ ಕಾಲೇಜಿನಲ್ಲಿ ಎಂ.ಎ. ಓದುತ್ತಾ ಕಿರಿಯರಿಗೆ ಪಾಠವನ್ನೂ ಹೇಳುತ್ತಿದ್ದರು. ಅಸಹಕಾರ ಚಳವಳಿಯ ಕಾಲ. ಬ್ರಿಟಿಷ್ ಸರ್ಕಾರದ ಹಣ ಪಡೆಯುವ ಕಾಲೇಜುಗಳನ್ನು ಬಿಟ್ಟು ಬನ್ನಿ ಎಂದು ಗಾಂಧೀಜಿಯೂ ಅಲೀ ಸಹೋದರರೂ ಅಲೀಗಢಕ್ಕೆ ಬಂದು ಕರೆಕೊಟ್ಟರು. ಬಿಟ್ಟು ಬಂದವರಲ್ಲಿ 23 ವರ್ಷದ ಜಾಕಿರ್ ಮುಂದಿದ್ದರು. ಅದೇ ಅಕ್ಟೋಬರ್ 29ರಂದು ಅಲೀಗಢದಲ್ಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹುಟ್ಟಿತು. ಮೊದಲು ಡೇರೆಗಳಲ್ಲಿ, ಬಾಡಿಗೆ ಮನೆಗಳಲ್ಲಿ. ಎರಡು ವರ್ಷ ಅಲ್ಲಿ ಪಾಠ ಹೇಳಿ 1922ರಲ್ಲಿ ಅವರು ಜರ್ಮನಿಗೆ ಹೋದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ಆದರೆ ಅಲ್ಲಿ ಅವರ ಮನಸ್ಸನ್ನು ಸೆಳೆದದ್ದು ಅರ್ಥಶಾಸ್ತ್ರಕ್ಕಿಂತಲೂ ಶಾಲೆಗಳು. ಕೈಕೆಲಸದ ಮೂಲಕ ಮಗುವಿನ ಬುದ್ಧಿಯನ್ನೂ ನಡತೆಯನ್ನೂ ಬೆಳೆಸಬಹುದು ಎಂದು ತೋರಿಸಿದ ಗಿಯೋರ್ಗ್ ಕೆರ್ಶೆನ್‌ಸ್ಟೈನರ್ ಎಂಬ ಶಿಕ್ಷಣ ಚಿಂತಕರ ವಿಚಾರಗಳು ಅವರ ಜೊತೆ ಕೊನೆಯವರೆಗೂ ಬಂದವು. ಬರ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಲಿಬ್ ಕವಿಯ ದೀವಾನನ್ನು ಮುದ್ರಿಸಲು ತಾವೇ ಕೂತು ಮೊಳೆ ಜೋಡಿಸಿದ ಮನುಷ್ಯ ಅವರು. ಕೈಕೆಲಸದ ಮಾತು ಅವರಿಗೆ ಬರೀ ಮಾತಾಗಿರಲಿಲ್ಲ.

ಅವರು ದೂರದಲ್ಲಿದ್ದಾಗ ಇಲ್ಲಿ ಜಾಮಿಯಾದ ಉಸಿರು ನಿಲ್ಲುವ ಹೊತ್ತು ಬಂದಿತ್ತು. ಖಿಲಾಫತ್ ಚಳವಳಿ ಮುಗಿದು ಹಣ ಬರುವುದು ನಿಂತಿತು. ಮುಚ್ಚಿಬಿಡೋಣ ಎಂಬ ಮಾತು ಹಿರಿಯರ ನಡುವೆ ನಡೆಯುತ್ತಿತ್ತು. ಸುದ್ದಿ ಕೇಳಿದ ಜಾಕಿರ್, ನಾನೂ ಕೆಲವು ಗೆಳೆಯರೂ ಬದುಕನ್ನೇ ಜಾಮಿಯಾಗೆ ಕೊಡಲು ತಯಾರಿದ್ದೇವೆ, ನಾವು ಬರುವವರೆಗೆ ಮುಚ್ಚಬೇಡಿ ಎಂದು ತಿಳಿಸಿದರು. 1925ರಲ್ಲಿ ಹಕೀಂ ಅಜ್ಮಲ್ ಖಾನರೂ ಡಾ. ಅನ್ಸಾರಿಯವರೂ ಯುರೋಪಿಗೆ ಬಂದಾಗ ವಿಯೆನ್ನಾದಲ್ಲಿ ಅವರನ್ನು ಕಂಡು ಅದೇ ಮಾತನ್ನು ಗಟ್ಟಿ ಮಾಡಿದರು. ಆ ವರ್ಷ ಜಾಮಿಯಾ ದಿಲ್ಲಿಯ ಕರೋಲ್‌ಬಾಗ್‌ಗೆ ಬಂತು. 1926ರ ಫೆಬ್ರವರಿಯಲ್ಲಿ ಮೂವರು ಗೆಳೆಯರು ಒಟ್ಟಿಗೆ ಹಡಗಿನಿಂದ ಇಳಿದರು. ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿದ್ದ ಮೊಹಮ್ಮದ್ ಮುಜೀಬ್, ಬರ್ಲಿನ್ನಿನಲ್ಲೇ ಡಾಕ್ಟರೇಟ್ ಪಡೆದ ಆಬಿದ್ ಹುಸೇನ್, ಮತ್ತು ಜಾಕಿರ್. 29ರ ಹರೆಯದಲ್ಲಿ ಜಾಕಿರ್ ಜಾಮಿಯಾದ ಕುಲಪತಿಯಾದರು.

ಕುಲಪತಿ ಎಂದೊಡನೆ ಕಾರು, ಬಂಗಲೆ ಕಣ್ಣ ಮುಂದೆ ಬಂದರೆ ಅಳಿಸಿಬಿಡಿ. ಅವರು ಮನೆಗೆ ತೆಗೆದುಕೊಂಡು ಹೋಗುತ್ತಿದ್ದ ಸಂಬಳ ನೂರು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಅದೂ ತಿಂಗಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಬೆನ್ನೆಲುಬಿನಂತಿದ್ದ ಹಕೀಂ ಅಜ್ಮಲ್ ಖಾನರು 1927ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲಂತೂ ಬಾಗಿಲು ಹಾಕುವುದೊಂದೇ ದಾರಿ ಎಂದು ಎಲ್ಲರಿಗೂ ಅನಿಸಿತ್ತು. ಆಗ ಅವರು ಮಾಡಿದ ಕೆಲಸವೇ ನನ್ನ ಈ ಲೇಖನದ ಕಾರಣ. ದಾನಿಗಳನ್ನು ಹುಡುಕುವುದಕ್ಕೆ ಮೊದಲು ಅವರು ಅಧ್ಯಾಪಕರನ್ನು ಕೂರಿಸಿಕೊಂಡರು. 1928ರಲ್ಲಿ ಅಂಜುಮನ್ ತಾಲೀಮೆ ಮಿಲ್ಲಿ ಎಂಬ ಸಂಘ ಹುಟ್ಟಿತು. ಅದರ ಸದಸ್ಯರಾಗಲು ಒಂದು ಪ್ರತಿಜ್ಞೆಗೆ ಸಹಿ ಹಾಕಬೇಕಿತ್ತು: 20 ವರ್ಷ ಜಾಮಿಯಾದಲ್ಲೇ ದುಡಿಯುತ್ತೇನೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳುವುದಿಲ್ಲ. ಬೆರಳೆಣಿಕೆಯ ಅಧ್ಯಾಪಕರು ಸಹಿ ಹಾಕಿದರು. ಸಂಸ್ಥೆಯ ಹೊಣೆ ಆ ಅಧ್ಯಾಪಕರ ಸಂಘದ ಕೈಗೇ ಬಂತು.

ಇದನ್ನು ತ್ಯಾಗದ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಕಡಿಮೆ ಸಂಬಳಕ್ಕೆ ಅಧ್ಯಾಪಕರನ್ನು ದುಡಿಸುವುದು ದೊಡ್ಡ ಗುಣವೇನಲ್ಲ, ಈ ದೇಶದಲ್ಲಿ ಅದು ಬಹಳ ಕಡೆ ಚೆನ್ನಾಗಿಯೇ ನಡೆಯುತ್ತಿದೆ. ಇಲ್ಲಿ ವಿಶೇಷ ಇದ್ದದ್ದು ಆ 20 ವರ್ಷ ಎಂಬ ಮಾತಿನಲ್ಲಿ. ಇಪ್ಪತ್ತು ವರ್ಷ ಒಬ್ಬರನ್ನೊಬ್ಬರು ಬಿಟ್ಟುಹೋಗದ ಹತ್ತಾರು ಅಧ್ಯಾಪಕರು ಒಂದೇ ಕಡೆ ಇದ್ದರೆ ಏನಾಗುತ್ತದೆ? ಒಬ್ಬ ಮಾಡಿದ ಪ್ರಯೋಗವನ್ನು ಇನ್ನೊಬ್ಬ ನೋಡುತ್ತಾನೆ, ಸೋತರೆ ಯಾಕೆಂದು ಕೇಳುತ್ತಾನೆ, ಮರುವರ್ಷ ತಿದ್ದಿ ಮಾಡುತ್ತಾನೆ. ಇಪ್ಪತ್ತೈದರ ಹುಡುಗನಾಗಿ ಬಂದವನು ನಲವತ್ತೈದರವರೆಗೂ ಕಲಿಯುತ್ತಲೇ ಇರುತ್ತಾನೆ. ಸಂಬಳ ಹಂಚಿದವರು ಯಾರೋ ಮೇಲಿನ ಧಣಿಗಳಲ್ಲ, ತಾವೇ. ಕುಲಪತಿಗೂ ಅದೇ ಪಡಿಪಾಟಲು. ಮನೆಯಲ್ಲಿ ಆ ಅಲ್ಪಸ್ವಲ್ಪದಲ್ಲಿ ಸಂಸಾರ ತೂಗಿಸಿದ ಅವರ ಪತ್ನಿ ಶಾಹಜಹಾನ್ ಬೇಗಂ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಇಂಥ ಕಥೆಗಳಲ್ಲಿ ಆ ಹೆಸರು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಅವರು ಅಧ್ಯಾಪಕರನ್ನು ಬೆಳೆಸಿದ ರೀತಿಗೆ ಜಾಮಿಯಾದ ಪ್ರಾಥಮಿಕ ಶಾಲೆಯೇ ಒಳ್ಳೆಯ ಸಾಕ್ಷಿ. ವಿಶ್ವವಿದ್ಯಾಲಯ ಕಟ್ಟುವವರು ಸಾಮಾನ್ಯವಾಗಿ ಪುಟ್ಟ ಮಕ್ಕಳ ಶಾಲೆಯನ್ನು ಹಿತ್ತಲಿನಲ್ಲಿ ಇಡುತ್ತಾರೆ. ಇವರು ಅದನ್ನು ಜಗಲಿಗೆ ತಂದರು. ಅಲ್ಲಿ ಅಬ್ದುಲ್ ಗಫ್ಫಾರ್ ಮುಧೋಲಿ ಎಂಬ ಅಧ್ಯಾಪಕರಿದ್ದರು. ಮಕ್ಕಳು ಒಂದು ನಿಜವಾದ ಕೆಲಸ ಹಿಡಿದು ಅದರ ಮೂಲಕ ಲೆಕ್ಕ, ಭಾಷೆ, ವಿಜ್ಞಾನ ಕಲಿಯುವ ಪ್ರಾಜೆಕ್ಟ್ ಪದ್ಧತಿಯನ್ನು ಅವರು ಆ ಶಾಲೆಯಲ್ಲಿ ಬೆಳೆಸಿದರು. ಮಕ್ಕಳದೇ ಬ್ಯಾಂಕು, ಮಕ್ಕಳದೇ ಅಂಗಡಿ. ಇಂದು ಶಾಲೆಗಳಲ್ಲಿ ಪ್ರಾಜೆಕ್ಟ್ ಎಂದರೆ ಸ್ಟೇಷನರಿ ಅಂಗಡಿಯಿಂದ ತಂದ ಚಾರ್ಟು, ಅಪ್ಪ ಅಮ್ಮ ರಾತ್ರಿ ಕೂತು ಅಂಟಿಸುವುದು. ಅಲ್ಲಿ ಹುಡುಗರು ನಿಜವಾದ ದುಡ್ಡು ಎಣಿಸಿ ಲೆಕ್ಕ ಬರೆಯುತ್ತಿದ್ದರು. ಮುಧೋಲಿಯವರು ದೊಡ್ಡ ಡಿಗ್ರಿಯ ಬಲದಿಂದ ಬೆಳೆದವರಲ್ಲ. ನಂಬಿ ಕೆಲಸ ಬಿಟ್ಟುಕೊಟ್ಟ ಒಬ್ಬ ಮುಖ್ಯಸ್ಥ ಇದ್ದ, ಬೆಳೆದರು. ಆ ಸಂಸ್ಥೆಯ ಆರಂಭದ ವರ್ಷಗಳ ಕಥೆಯನ್ನು ಉರ್ದುವಿನಲ್ಲಿ ದಾಖಲಿಸಿಟ್ಟವರೂ ಅವರೇ.

ಅಧ್ಯಾಪಕರಿಗೆ ಬರೆಯುವ ಅಭ್ಯಾಸ ಹಿಡಿಸಿದ್ದು ಇನ್ನೊಂದು ಸಂಗತಿ. ಮಕ್ಕಳಿಗೆ ಉರ್ದುವಿನಲ್ಲಿ ಓದಲು ಒಳ್ಳೆಯ ಪುಸ್ತಕಗಳಿರಲಿಲ್ಲ. ಇಲ್ಲದಿದ್ದರೆ ನಾವೇ ಬರೆಯೋಣ ಎಂದು ಹೊರಟರು. ಜಾಮಿಯಾದ ಪ್ರಕಾಶನ ಸಂಸ್ಥೆ ಮಕ್ತಬಾ ಜಾಮಿಯಾ ಇತ್ತು, ಪಯಾಮೆ ತಾಲೀಂ ಎಂಬ ಪತ್ರಿಕೆ ಇತ್ತು. ಪ್ಲೇಟೋನ ರಿಪಬ್ಲಿಕ್ಕನ್ನು ಉರ್ದುವಿಗೆ ತಂದ ಕುಲಪತಿ ಸ್ವತಃ ಮಕ್ಕಳ ಕಥೆ ಬರೆದರು. ಅಬ್ಬೂ ಖಾನ್ ಕೀ ಬಕ್ರಿ ಎಂಬ ಅವರ ಕಥೆ ಇಂದಿಗೂ ಉರ್ದು ಓದುವ ಮಕ್ಕಳಿಗೆ ಪರಿಚಿತ. ಹಗ್ಗ ಕಟ್ಟಿಸಿಕೊಂಡು ಸುಖವಾಗಿರುವುದಕ್ಕಿಂತ ಬೆಟ್ಟಕ್ಕೆ ಓಡಿಹೋಗಿ ತೋಳದ ಜೊತೆ ರಾತ್ರಿಯಿಡೀ ಹೋರಾಡಿ ಸಾಯುವ ಆಡಿನ ಕಥೆ ಅದು. ನಮ್ಮ ಗ್ರಂಥಾಲಯಕ್ಕೆ ಅದು ಬಂದರೆ ಉರ್ದು ವಿಭಾಗದವರು ಯಾರಾದರೂ ಕನ್ನಡಕ್ಕೆ ತಂದುಕೊಟ್ಟಾರು ಎಂಬ ಆಸೆ ನನಗಿದೆ.

ಬೂಟಿನ ಕಥೆಯನ್ನು ನೀವು ಕೇಳಿರಬಹುದು. ಹುಡುಗರು ಶುಚಿಯಾಗಿ ಬರಬೇಕು, ಬೂಟಿಗೆ ಪಾಲಿಶ್ ಇರಬೇಕು ಎಂದು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳದಾಗ ಜಾಕಿರ್ ಸಾಹೇಬರು ಒಂದು ಬೆಳಿಗ್ಗೆ ಪಾಲಿಶ್ ಡಬ್ಬಿ, ಬ್ರಶ್ಶು ಹಿಡಿದು ಗೇಟಿನಲ್ಲಿ ಕೂತರಂತೆ. ಬಂದ ಹುಡುಗರ ಬೂಟಿಗೆ ತಾವೇ ಪಾಲಿಶ್ ಹಾಕಿದರಂತೆ. ಜಾಮಿಯಾದಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ ಇದು. ಇದನ್ನು ವಿದ್ಯಾರ್ಥಿಗಳಿಗೆ ಕಲಿಸಿದ ಪಾಠ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದನ್ನು ನೋಡುತ್ತಾ ನಿಂತಿದ್ದ ಅಧ್ಯಾಪಕರ ಬಗ್ಗೆ ಯೋಚಿಸಿ. ಸುತ್ತೋಲೆ ಕಳಿಸುವ ಮುಖ್ಯಸ್ಥನ ಕೈಕೆಳಗೆ ಅಧ್ಯಾಪಕರೂ ಸುತ್ತೋಲೆ ಓದುವವರಾಗುತ್ತಾರೆ. ಅವತ್ತು ಅವರು ನೋಡಿದ್ದು ಬೇರೆಯದನ್ನು.

ಇನ್ನೊಂದು ಘಟನೆ ಹೇಳುವುದು ಕಷ್ಟ. ಒಮ್ಮೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಿಹಿ ಹಂಚುವ ಕಾರ್ಯಕ್ರಮ. ಜಾಕಿರ್ ಹುಸೇನರೇ ಹಂಚುತ್ತಿದ್ದರು. ಮನೆಯಿಂದ ಬಂದವನೊಬ್ಬ ಕಿವಿಯಲ್ಲಿ ಹೇಳಿದ, ಮಗಳು ರೆಹಾನಾಗೆ ತೀರಾ ಹುಷಾರಿಲ್ಲ. ಅವರು ಹಂಚುತ್ತಲೇ ಇದ್ದರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಂದ, ಮಗು ಹೋಯಿತು. ಅವರ ಮುಖ ಬಿಳಿಚಿತು, ಕೈ ನಿಲ್ಲಲಿಲ್ಲ. ಕೊನೆಯ ಮಗುವಿನ ಕೈಗೂ ಸಿಹಿ ಬಿದ್ದ ಮೇಲೆಯೇ ಅವರು ಅಲ್ಲಿಂದ ಎದ್ದದ್ದು. ಮಕ್ಕಳ ಸಂತೋಷವನ್ನು ನಡುವೆ ಕೆಡಿಸಲು ಮನಸ್ಸು ಬರಲಿಲ್ಲ ಎಂಬುದು ಅವರ ಸಮಜಾಯಿಷಿಯಾಗಿತ್ತು. ಮೇಲೆ ಹೇಳಿದ ಮಕ್ಕಳ ಕಥೆಗಳನ್ನು ಅವರು ಪ್ರಕಟಿಸಿದ್ದು ರುಕಯ್ಯಾ ರೆಹಾನಾ ಎಂಬ ಹೆಸರಿನಲ್ಲಿ. ಒಬ್ಬ ತಂದೆಯಾಗಿ ಅವರು ಮಾಡಿದ್ದು ಸರಿಯೇ ಎಂದು ನನ್ನನ್ನು ಕೇಳಿದರೆ ಉತ್ತರ ಹೇಳಲಾರೆ. ನಾನಾಗಿದ್ದರೆ ಓಡಿಹೋಗುತ್ತಿದ್ದೆ.

ನಮ್ಮ ಕಡೆ ಉಸ್ತಾದ್ ಎಂದರೆ ಮದ್ರಸದಲ್ಲಿ ಕುರ್‌ಆನ್ ಕಲಿಸುವವರು. ಉರ್ದುವಿನಲ್ಲಿ ಎಲ್ಲ ಬಗೆಯ ಗುರುವಿಗೂ ಆ ಮಾತು ಸಲ್ಲುತ್ತದೆ. 1938ರಲ್ಲಿ ಜಾಮಿಯಾದಲ್ಲಿ ಉಸ್ತಾದೋಂ ಕಾ ಮದ್ರಸಾ ಎಂಬುದು ಶುರುವಾಯಿತು. ಎಂದರೆ ಅಧ್ಯಾಪಕರ ಪಾಠಶಾಲೆ. ಹೆಸರಿಗೇ ಒಂದು ಸೊಗಸಿದೆ. ಟ್ರೈನಿಂಗ್ ಕಾಲೇಜು ಎಂದಿದ್ದರೆ ಎಲ್ಲೋ ಹೋಗಿ ಮುಗಿಸಿ ಬರುವ ಜಾಗವೆನಿಸುತ್ತಿತ್ತು. ಉಸ್ತಾದನೂ ಮದ್ರಸಕ್ಕೆ ಹೋಗುವ ಹುಡುಗನೇ ಎಂದು ಆ ಹೆಸರು ಹೇಳುತ್ತದೆ.

ಇದಕ್ಕೆ ಹಿನ್ನೆಲೆ ವಾರ್ಧಾ. 1937ರ ಅಕ್ಟೋಬರಿನಲ್ಲಿ ಗಾಂಧೀಜಿ ಅಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಏಳು ವರ್ಷದ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ, ಒಂದು ಕಸುಬನ್ನು ನಡುವಿಟ್ಟುಕೊಂಡು. ಇದರ ಪಠ್ಯಕ್ರಮ ಸಿದ್ಧಪಡಿಸುವ ಸಮಿತಿಗೆ ಜಾಕಿರ್ ಹುಸೇನರೇ ಅಧ್ಯಕ್ಷರು. ಡಿಸೆಂಬರಿನಲ್ಲೇ ವರದಿ ಬಂತು. ಅದರ ಬಗ್ಗೆ ಮಾತಾಡುವವರು ಚರಕ, ನೂಲು ಎಂದು ನಿಲ್ಲಿಸುತ್ತಾರೆ. ಅಧ್ಯಾಪಕರ ತರಬೇತಿಗೂ ಶಾಲೆಗಳ ಮೇಲ್ವಿಚಾರಣೆಗೂ ಅದರಲ್ಲಿ ಬೇರೆಯೇ ಭಾಗಗಳಿದ್ದವು. ಪೂರ್ಣ ತರಬೇತಿಗೆ ಮೂರು ವರ್ಷ, ತುರ್ತಿಗೆ ಒಂದು ವರ್ಷ. ಸಂಬಳ 25 ರೂಪಾಯಿ ಇರಲಿ, ಯಾವ ಕಾರಣಕ್ಕೂ 20ಕ್ಕಿಂತ ಕೆಳಗೆ ಇಳಿಯದಿರಲಿ ಎಂದಿತ್ತು. ತಪಾಸಣೆಗೆ ಬರುವವನು ತಪ್ಪು ಹುಡುಕುವ ಅಧಿಕಾರಿಯಾಗದೆ ಅನುಕಂಪದಿಂದ ದಾರಿ ತೋರುವ ಅನುಭವಸ್ಥನಾಗಿರಬೇಕು ಎಂಬುದು ಅದರ ಆಶಯ. ದೇಶ ಆ ವರದಿಯಿಂದ ಚರಕವನ್ನು ತೆಗೆದುಕೊಂಡಿತು, ಅಧ್ಯಾಪಕನನ್ನು ಬಿಟ್ಟಿತು. ಅವಸರದ ತರಬೇತಿ ಪಡೆದ ಮೇಷ್ಟ್ರುಗಳ ಕೈಯಲ್ಲಿ ಮೂಲ ಶಿಕ್ಷಣ ಎಂಬುದು ನೂಲುವ ಪಿರಿಯಡ್ ಆಗಿ ಸೊರಗಿತು. ತಮ್ಮ ಯೋಜನೆ ನಡೆದ ಬಗೆ ನೋಡಿ ಜಾಕಿರ್ ಹುಸೇನರಿಗೇ ಮುಂದೆ ಬೇಸರವಾಗಿತ್ತು.

ಇಲ್ಲಿ ಸ್ವಲ್ಪ ನನ್ನ ಮಾತು. ನಾನು ಪಾಠ ಹೇಳಲು ಶುರುಮಾಡಿದ್ದು ಬೇರೊಂದು ಊರಿನಲ್ಲಿ. ಮೊದಲ ದಿನ ಕೈಗೆ ಪಠ್ಯಪುಸ್ತಕ, ಹಾಜರಿ ಪುಸ್ತಕ ಕೊಟ್ಟು ಎಂಬತ್ತು ಮಕ್ಕಳ ತರಗತಿಯ ಬಾಗಿಲು ತೋರಿಸಿದರು. ಆಮೇಲೆ ಫಲಿತಾಂಶ ಬರುವವರೆಗೆ ನಾನು ಏನು ಹೇಳುತ್ತಿದ್ದೇನೆಂದು ಯಾರೂ ಕೇಳಲಿಲ್ಲ. ಒಬ್ಬ ಹಿರಿಯ ಸಹೋದ್ಯೋಗಿ ಮಾತ್ರ, ನಿಮ್ಮ ಅಭ್ಯಂತರ ಇಲ್ಲದಿದ್ದರೆ ಎಂದು ಕೇಳಿ, ಹಿಂದಿನ ಬೆಂಚಿನಲ್ಲಿ ಆಗಾಗ ಬಂದು ಕೂರುತ್ತಿದ್ದರು. ಪಾಠ ಮುಗಿದ ಮೇಲೆ ಚಹಾ ಕುಡಿಯುವಾಗ ಒಂದೇ ಒಂದು ವಿಷಯ ಹೇಳುತ್ತಿದ್ದರು. ಬೋರ್ಡಿಗೆ ಮುಖ ಮಾಡಿ ಮಾತಾಡಿದರೆ ಎಡಗಡೆಯ ಮಕ್ಕಳಿಗೆ ಕೇಳಿಸುವುದಿಲ್ಲ ಎಂಬಂಥ ಸಣ್ಣ ಸಂಗತಿ. ಮರುವಾರ ಇನ್ನೊಂದು. ಬಿ.ಎಡ್. ನನಗೆ ಕೆಲಸ ಕೊಡಿಸಿತು, ಕೆಲಸ ಕಲಿಸಿದ್ದು ಆ ಹಿಂದಿನ ಬೆಂಚು. ಈಗಿನ ತರಬೇತಿಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ದಿನದ ಕಾರ್ಯಾಗಾರ, ಮಧ್ಯಾಹ್ನದ ಊಟ, ಪ್ರಮಾಣಪತ್ರ, ಇಷ್ಟರಲ್ಲಿ ಮರುದಿನದ ತರಗತಿ ಬದಲಾಗುವುದನ್ನು ನೋಡಿದ್ದು ಕಡಿಮೆ.

ಜಾಮಿಯಾದ ಗುಂಪಿನಲ್ಲಿ ಹೊರಗಿನಿಂದ ಬಂದು ಒಳಗಿನವರಾದ ಒಬ್ಬರನ್ನು ಬಿಡಲಾರೆ. ಗೆರ್ಡಾ ಫಿಲಿಪ್ಸ್‌ಬಾರ್ನ್, ಬರ್ಲಿನ್ನಿನ ಯಹೂದಿ ಮಹಿಳೆ. ಆ ಮೂವರು ಗೆಳೆಯರ ವಿದ್ಯಾರ್ಥಿ ದಿನಗಳ ಪರಿಚಯ. 1930ರ ದಶಕದ ಆರಂಭದಲ್ಲಿ ದಿಲ್ಲಿಗೆ ಬಂದು ಜಾಮಿಯಾದ ಪುಟ್ಟ ಮಕ್ಕಳಿಗೆ ಆಪಾ ಜಾನ್ ಆದರು. ಯುದ್ಧ ಬಂದಾಗ ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. 1943ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ಅವರ ಸಮಾಧಿ ಇರುವುದು ಜಾಮಿಯಾದಲ್ಲೇ.

ಅಷ್ಟರಲ್ಲಿ ಸಂಸ್ಥೆ ಕರೋಲ್‌ಬಾಗ್ ಬಿಟ್ಟು ಯಮುನೆಯ ದಡದ ಓಖ್ಲಾಕ್ಕೆ ಬೇರೂರುತ್ತಿತ್ತು. 1935ರ ಮಾರ್ಚ್ 1ರಂದು ಅಲ್ಲಿನ ಮೊದಲ ಕಟ್ಟಡಕ್ಕೆ ಅಡಿಗಲ್ಲು. ಅಡಿಗಲ್ಲು ಎಂದರೆ ಮಂತ್ರಿಗಳು, ಮಹಾರಾಜರು ಎಂದಿದ್ದ ಕಾಲದಲ್ಲಿ ಕಲ್ಲು ಇಟ್ಟದ್ದು ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿ. 1946ರ ನವೆಂಬರಿನಲ್ಲಿ ರಜತ ಮಹೋತ್ಸವ. ಹೊರಗೆ ದೇಶ ಉರಿಯುತ್ತಿತ್ತು. ನೆಹರೂ, ಆಝಾದ್ ಒಂದು ಕಡೆ, ಜಿನ್ನಾ ಇನ್ನೊಂದು ಕಡೆ, ಎಲ್ಲರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿದ ಜಾಕಿರ್ ಹುಸೇನರು ಅವರಿಗೆ ಮುಖಕ್ಕೆ ಮುಖ ಕೊಟ್ಟು ಕೇಳಿಕೊಂಡದ್ದು ಈ ಬೆಂಕಿಯನ್ನು ಆರಿಸಿ ಎಂದು. ಬೆಂಕಿ ಹಚ್ಚಿದವರು ಯಾರೆಂದು ಆಮೇಲೆ ಹುಡುಕೋಣ, ಮೊದಲು ಆರಿಸಿ ಎಂಬ ಅರ್ಥದ ಮಾತು. ಬೆಂಕಿ ಆರಲಿಲ್ಲ. 1947ರಲ್ಲಿ ಜಲಂಧರ ರೈಲು ನಿಲ್ದಾಣದಲ್ಲಿ ಗುಂಪಿನ ಕೈಗೆ ಸಿಕ್ಕಿ ಸಾಯುವುದರಲ್ಲಿದ್ದ ಅವರನ್ನು ಉಳಿಸಿದ್ದು ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ. ಅದೇ ಸೆಪ್ಟೆಂಬರಿನಲ್ಲಿ ಕರೋಲ್‌ಬಾಗ್‌ನಲ್ಲಿ ಉಳಿದಿದ್ದ ಜಾಮಿಯಾದ ಆಸ್ತಿ ಲೂಟಿಯಾಯಿತು, ಪುಸ್ತಕಗಳು ಬೂದಿಯಾದವು.

1948ರಲ್ಲಿ, ಪ್ರತಿಜ್ಞೆಯ 20 ವರ್ಷ ತುಂಬಿದಾಗ, ಅವರು ಅಲೀಗಢಕ್ಕೆ ಕುಲಪತಿಯಾಗಿ ಹೋದರು. ವಿಭಜನೆಯ ನಂತರ ಎಷ್ಟೋ ಅಧ್ಯಾಪಕರು ಪಾಕಿಸ್ತಾನಕ್ಕೆ ಹೋಗಿ ಆ ವಿಶ್ವವಿದ್ಯಾಲಯ ತತ್ತರಿಸುತ್ತಿತ್ತು. ಎಂಟು ವರ್ಷ ಅದನ್ನು ಕಾದರು. ಆಮೇಲಿನದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿದೆ: 1957ರಲ್ಲಿ ಬಿಹಾರದ ರಾಜ್ಯಪಾಲ, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತ ರತ್ನ, 1967ರ ಮೇ 13ರಂದು ರಾಷ್ಟ್ರಪತಿ. ಗುಲಾಬಿ ಗಿಡಗಳೆಂದರೆ ಪ್ರಾಣ, ರಾಷ್ಟ್ರಪತಿ ಭವನದ ತೋಟದಲ್ಲೂ ಅವುಗಳನ್ನು ಬೆಳೆಸಿದರು. 1969ರ ಮೇ 3ರಂದು ತೀರಿಕೊಂಡರು.

ಅವರು ಬಿಟ್ಟುಬಂದ ಜಾಮಿಯಾಗೆ ಏನಾಯಿತು ಎಂದು ಕೇಳಬೇಕಲ್ಲ? ಹೊರಗಿನಿಂದ ಯಾರನ್ನೂ ಹುಡುಕಬೇಕಾಗಲಿಲ್ಲ. 1926ರಲ್ಲಿ ಜೊತೆಗೆ ಹಡಗಿನಿಂದ ಇಳಿದಿದ್ದ ಮುಜೀಬ್ ಸಾಹೇಬರು 1948ರಲ್ಲಿ ಕುಲಪತಿಯಾದರು, 1973ರವರೆಗೆ, 25 ವರ್ಷ, ನಡೆಸಿದರು. ತಮ್ಮ ಗೆಳೆಯನ ಜೀವನಚರಿತ್ರೆ ಬರೆದವರೂ ಅವರೇ. ರಾಷ್ಟ್ರಪತಿಯ ಸಮಾಧಿಯನ್ನು ನೀವು ನೋಡಬೇಕೆಂದಿದ್ದರೆ ರಾಜಘಾಟದ ಕಡೆ ಹೋಗಬೇಡಿ, ಓಖ್ಲಾಕ್ಕೆ ಹೋಗಿ. ಜಾಮಿಯಾದ ಆವರಣದಲ್ಲಿ, ವಿದ್ಯಾರ್ಥಿಗಳು ದಿನವೂ ಓಡಾಡುವ ಜಾಗದಲ್ಲಿದೆ.